ಮೂರು ಊರು, ಮೂರು ರಾಜರು, ಒಂದು ಒನ್ಸ್ ಮೋರ್

ಕೊಪ್ಪದ ಶೋನಲ್ಲಿ ರಾಜ ಹಾಡುತ್ತ ಹಾಡುತ್ತಲೇ ಸತ್ತು ಬಿದ್ದ. ಹಿಂದಿನ ಸಾಲಿನಿಂದ ಯಾರೋ ಹಿರಿಯರು "ಒನ್ಸ್ ಮೋರ್!" ಅಂತ ಕೂಗಿದರು.

ರಾಜ ಏಳಲಿಲ್ಲ. ಪರದೆ ಬಿತ್ತು. ಕಾಲೇಜು ಮಕ್ಕಳು ತಿರುಗಿ ನೋಡಿ ಕಿಸಕ್ಕನೆ ನಕ್ಕರು.

ನಗುವಂಥದ್ದೇನಿತ್ತು ಅದರಲ್ಲಿ? ಕಂಪನಿ ನಾಟಕ ನೋಡಿದವರಿಗೆ ಗೊತ್ತು. ಹಾಡು ಹಿಡಿಸಿದರೆ ಜನ ಒನ್ಸ್ ಮೋರ್ ಕೂಗುತ್ತಾರೆ, ಆಗ ಸತ್ತವನೂ ಎದ್ದು ಮೈ ಕೊಡವಿಕೊಂಡು ಇನ್ನೊಂದು ಸಲ ಹಾಡಿ ಮತ್ತೆ ಸಾಯಬೇಕು. ಅದು ಆಗಿನ ಪದ್ಧತಿ.

ಇದು ಎರಡು ಸಾವಿರದ ದಶಕದ ಮಾತು. ಮೊಬೈಲಲ್ಲಿ ಬರೀ ಮಾತಾಡುತ್ತಿದ್ದ ಕಾಲ. 'ದೀಪದ ರಾಣಿ' ಅನ್ನುವ ಹಳೇ ಸಂಗೀತ ನಾಟಕವನ್ನು ಒಂದು ಹೊಸ ತಂಡ ಮತ್ತೆ ಕಟ್ಟಿ ಊರೂರಿಗೆ ತಂದಿತ್ತು. ಕೊಪ್ಪ, ಶೃಂಗೇರಿ, ಕೊನೆಗೆ ನರಸಿಂಹರಾಜಪುರ.

ಬಾಳಗಡಿಯ ನನ್ನ ಟೈಲರಿಂಗ್ ಅಂಗಡಿಗೆ ಬೀಗ ಹಾಕಿ ನಾನು ಮೂರೂ ಶೋ ನೋಡಿದೆ. ನಾಟಕದ ಹುಚ್ಚಿಗಲ್ಲ... ಅಪ್ಪಯ್ಯನಿಗಾಗಿ.

ಹಿಂದೆ ಆ ನಾಟಕ ಊರೂರು ಸುತ್ತಿದಾಗ ರಾಜನ ಪಾರ್ಟು ನಮ್ಮ ಅಪ್ಪಯ್ಯನದು. ಅದನ್ನು ತಿಳಿದು ಹೊಸ ನಿರ್ದೇಶಕರು ಮನೆಗೇ ಬಂದು, ಕೊನೇ ಶೋ ಮಾತ್ರ ನೀವು ಮಾಡಿ ಅಂತ ಕೇಳಿದ್ದರು.

ಅಷ್ಟು ಹೊತ್ತಿಗೆ ಅಪ್ಪಯ್ಯನ ಶ್ವಾಸಕೋಶ ಹಾಳಾಗಿತ್ತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಬೇಡ ಅಂದರು, ಅಮ್ಮ ಬೇಡ ಅಂದಳು, ನಾನೂ ಕೂಗಾಡಿದೆ. ಅವರು ಕೇಳಬೇಕಲ್ಲ!

"ಒಂದೇ ಒಂದು ಒನ್ಸ್ ಮೋರ್ ಬಿದ್ರೆ ಸಾಕು ಮಾರಾಯ್ತಿ. ಆಮೇಲೆ ಬಾಯಿ ಮುಚ್ಕಂಡು ನೀವು ಕೊಟ್ಟ ಮಾತ್ರೆ ನುಂಗ್ತೀನಿ."

ಅದಕ್ಕೇ ಕೊಪ್ಪದ ಆ ನಗುವನ್ನು ನಾನು ಅಲ್ಲಿಗೇ ಬಿಡಲಿಲ್ಲ. ಒನ್ಸ್ ಮೋರ್ ಬಿದ್ದರೂ ರಾಜ ಯಾಕೆ ಏಳಲಿಲ್ಲ ಅಂತ ಶೋ ಮುಗಿದ ಮೇಲೆ ನಿರ್ದೇಶಕರನ್ನೇ ಕೇಳಿದೆ.

"ನಾಟಕದ ಓಟ ಕೆಡುತ್ತೆ ಮೇಡಂ, ನಮ್ಮ ಹುಡುಗರಿಗೆ ಏಳಬೇಡಿ ಅಂದಿದ್ದೀನಿ. ನಿಮ್ಮ ತಂದೆಯವರು ಬೇಕಾದ್ರೆ ಏಳಲಿ. ಆದ್ರೆ ಈಗ ಯಾರು ಕೂಗ್ತಾರೆ ಹೇಳಿ?"

ನ್ಯಾಯವಾಗಿ ಹೇಳಬೇಕೆಂದರೆ ಕೊಪ್ಪದ ರಾಜ ಅಪ್ಪಯ್ಯನಿಗಿಂತ ಚೆನ್ನಾಗಿ ಹಾಡಿದ. ಕಲಿತ ಗಂಟಲು, ಒಂದು ಸ್ವರ ಅತ್ತಿತ್ತ ಇಲ್ಲ. ಆದರೆ ಸಾಯುವಾಗಲೂ ಕಿರೀಟ ಓರೆಯಾಗದಂತೆ ನೋಡಿಕೊಂಡ ಪುಣ್ಯಾತ್ಮ.

ಶೃಂಗೇರಿಯಲ್ಲಿ ಅವನ ಗಂಟಲು ಕಟ್ಟಿ, ಸೇನಾಪತಿಯ ಪಾರ್ಟಿನವನನ್ನೇ ರಾಜ ಮಾಡಿದರು. ಅಬ್ಬಬ್ಬಾ, ಅವನ ಆರ್ಭಟವೇ! ಸಾಯುವವನಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತೋ. ಅಲ್ಲಿ ಯಾರೂ ಒನ್ಸ್ ಮೋರ್ ಅನ್ನಲಿಲ್ಲ.

ನರಸಿಂಹರಾಜಪುರದಲ್ಲಿ ಅಪ್ಪಯ್ಯ.

ರಾಜನ ಕೋಟನ್ನು ಎರಡೂ ಪಕ್ಕ ಹಿಡಿದು ಸಣ್ಣ ಮಾಡಿ ನಾನೇ ಹೊಲಿದಿದ್ದೆ. ಆದರೂ ಭುಜದಲ್ಲಿ ಜೋತು ಬಿದ್ದಿತ್ತು. ಅಷ್ಟು ಸೊರಗಿದ್ದಾರೆ ಅಂತ ನನಗೆ ಆಗಲೇ ಸರಿಯಾಗಿ ಕಂಡದ್ದು.

ಕೊನೇ ಹಾಡು ಶುರುವಾಯಿತು. ಸಾಲಿನ ನಡುವೆಯೇ ಉಸಿರು ನಿಲ್ಲುತ್ತಿತ್ತು. ಆದರೆ ದೀಪ ಆರಿಸಬೇಡ ಅಂತ ರಾಣಿಗೆ ಹೇಳುವ ಜಾಗವಿದೆಯಲ್ಲ... ಕೊಪ್ಪದವನು ಅಲ್ಲಿ ಆಲಾಪ ತೆಗೆದಿದ್ದ, ಶೃಂಗೇರಿಯವನು ಗುಡುಗಿದ್ದ.

ಅಪ್ಪಯ್ಯ ಅದನ್ನು ಹಾಡಲೇ ಇಲ್ಲ. ಮನೆಯಲ್ಲಿ ಅಮ್ಮನಿಗೆ ಹೇಳುವಂತೆ ಮೆತ್ತಗೆ ಹೇಳಿದರು. ರಾಣಿಯಾಗಿದ್ದ ಹುಡುಗಿ ಆ್ಯಕ್ಟಿಂಗ್ ಮರೆತು ಅವರ ಮುಖವನ್ನೇ ನೋಡುತ್ತ ನಿಂತಳು. ಮಗಳು ಅಂತ ಹೇಳುತ್ತಿಲ್ಲ, ಮೂವರಲ್ಲಿ ನಿಜವಾಗಿ ಸತ್ತ ರಾಜ ಅವರೊಬ್ಬರೇ.

ಬಿದ್ದರು. ಚಪ್ಪಾಳೆ ಬಂತು. ಒಳ್ಳೇ ಚಪ್ಪಾಳೆಯೇ, ಇಲ್ಲ ಅನ್ನಲಾರೆ.

ಅಷ್ಟೇ.

ಹಾರ್ಮೋನಿಯಂನವರು ಶ್ರುತಿ ಬಿಡದೆ ಕಾಯುತ್ತಿದ್ದಾರೆ. ಅಪ್ಪಯ್ಯ ಕಣ್ಣು ಮುಚ್ಚಿ ಮಲಗಿದ್ದಾರೆ, ಆ ಸಡಿಲ ಕೋಟು ಏರಿ ಇಳಿಯುತ್ತಿದೆ. ಚಪ್ಪಾಳೆ ಕಡಿಮೆಯಾಗುತ್ತಿದೆ. ಪರದೆಯ ಹಗ್ಗ ಅಲ್ಲಾಡಿತು...

ಮನೆಯವರು ಒನ್ಸ್ ಮೋರ್ ಕೂಗಬಾರದು ಅಂತ ಅಪ್ಪಯ್ಯ ಚಿಕ್ಕಂದಿನಿಂದ ಹೇಳುತ್ತಿದ್ದರು. ಅದು ತಿರುಪೆ ಎತ್ತಿದ ಹಾಗೆ ಅಂತೆ, ಲೆಕ್ಕಕ್ಕೆ ಬರುವುದಿಲ್ಲವಂತೆ.

ನಾನು ಎದ್ದು ನಿಂತು ಕೂಗಿದೆ. ಗಂಟಲು ಹರಿಯುವ ಹಾಗೆ. ಹಾಲ್‌ಗೆ ಹಾಲೇ ನನ್ನ ಕಡೆ ತಿರುಗಿತು. ತಿರುಗಲಿ!

ಅಪ್ಪಯ್ಯ ಎದ್ದರು. ಕೋಟು ಕೊಡವಿಕೊಂಡರು, ಕತ್ತಲಲ್ಲಿದ್ದ ಜನಕ್ಕೆ ಕೈ ಮುಗಿದರು, ಮತ್ತೆ ಹಾಡಿದರು. ಈ ಸಲ ಗಂಟಲು ಒಡೆಯಿತು, ಎರಡು ಸಾಲು ಹಾರಿಹೋಯಿತು. ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಗ್ರೀನ್ ರೂಮಿಗೆ ಹೋದರೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದರು. ಮುಖ ಅಷ್ಟು ಅರಳಿದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

"ಕೇಳಿದ್ಯೇನೇ? ಯಾರೋ ಹೆಂಗಸು ಕೂಗಿದ್ಳು! ನಮ್ಮ ಹಳೇ ನಾಟಕ ನೋಡಿದೋಳೇ ಇರ್ಬೇಕು. ಕರ್ಕಂಡು ಬಾರೇ, ಒಂದು ಕೈ ಮುಗೀತೀನಿ."

ಅವರಿಗೆ ಕಿವಿ ಮಂದ. ನನ್ನ ದನಿ ಅಂತ ಗೊತ್ತಾಗಿರಲಿಲ್ಲ.

ಹುಡುಕುವವಳ ಹಾಗೆ ಹೊರಗೆ ಹೋದೆ. ಹಾಲ್‌ನ ಹಿಂದೆ ನಿಂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಮುಖ ತೊಳೆದು ವಾಪಸ್ ಬಂದೆ.

"ಬಸ್ಸಿಗೆ ಹೊತ್ತಾಯ್ತು ಅಂತ ಹೋಗ್ಬಿಟ್ಳಂತೆ ಅಪ್ಪಯ್ಯ."

"ಛೆ!" ಅಂದರು.

ಮುಂದಿನ ಮಳೆಗಾಲ ಅವರು ದಾಟಲಿಲ್ಲ. ಹಾಸಿಗೆ ಹಿಡಿದ ಮೇಲೆ ನೋಡಲು ಬಂದವರಿಗೆಲ್ಲ ಅದೇ ಕಥೆ. ಒಬ್ಬಳೇ ಕೂಗಿದ್ದು, ಆದರೆ ಎಂಥಾ ಕೂಗು ಅಂತೀರಿ! ನಾನು ಅಲ್ಲೇ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದೆ.

ಕೊನೆಕೊನೆಗೆ ಮಾತಾಡಲೂ ಉಸಿರಿರಲಿಲ್ಲ. ಒಂದು ಬೆಳಗ್ಗೆ ನನ್ನ ಕೈ ಹಿಡಿದು ಹೇಳಿದರು: "ಆ ಹೆಂಗಸು ಎಲ್ಲಾದ್ರೂ ಸಿಕ್ರೆ, ಅಪ್ಪಯ್ಯ ನೆನೆಸ್ತಿದ್ರು ಅಂತ ಹೇಳು."

ಆಯ್ತು ಅಪ್ಪಯ್ಯ, ಹೇಳ್ತೀನಿ ಅಂದೆ.

ನೀವೇ ಹೇಳಿ... ಅದು ನಾನೇ ಅಂದುಬಿಟ್ಟಿದ್ದರೆ, ಆ ಒಂದು ಒನ್ಸ್ ಮೋರ್ ಅವರಿಗೆ ಉಳಿಯುತ್ತಿತ್ತಾ?