ಸೋಮವಾರದ ಕಿಂಡಿ

ಕಳೆದ ವಾರ ಕುರ್ಲಾ ಸ್ಟೇಷನ್ನಿನಲ್ಲಿ ಲೋಕಲ್ ಹತ್ತಿದಾಗ ಯಾರದೋ ತಲೆ ಸರಿಯಾಗಿ ನನ್ನ ಮೂಗಿನ ಕೆಳಗೇ ಬಂದು ನಿಂತಿತು. ಚೆನ್ನಾಗಿ ತೆಂಗಿನೆಣ್ಣೆ ಹಚ್ಚಿ ಬಾಚಿದ ತಲೆ. ಆ ಗರ್ದಿಯಲ್ಲಿ ಮುಖ ತಿರುಗಿಸಲೂ ಜಾಗವಿರಲಿಲ್ಲ. ತೆಂಗಿನೆಣ್ಣೆಯ ವಾಸನೆಗೆ ಬೇರೆಯವರಿಗೆ ತಾಯಿಯೋ ಅಕ್ಕನೋ ನೆನಪಾಗುತ್ತಾರೆ. ನನಗೆ ನೆನಪಾಗುವುದು ಸೈಕಲ್ಲಿನ ಚೈನು. ಘಾಟ್ಕೋಪರ್ ಬರುವಷ್ಟರಲ್ಲಿ ಕಣ್ಣು ತುಂಬಿಬಿಟ್ಟಿತ್ತು. ಪಕ್ಕದವನು ತಾನು ಕಾಲು ತುಳಿದದ್ದಕ್ಕೇ ಇರಬೇಕೆಂದುಕೊಂಡು ‘ಸಾರಿ ಚಾಚಾ’ ಎಂದ.

ಆ ಚೈನು ಅಣ್ಣನ ಸೈಕಲ್ಲಿನದು. ಅಣ್ಣ ಉಡುಪಿ ಕಡೆಯವರು. ಕುರ್ಲಾದ ಒಂದು ಸಣ್ಣ ಹೋಟೆಲಿನಲ್ಲಿ ಮೊದಲು ಸಪ್ಲೈಯರ್ ಆಗಿ, ಆಮೇಲೆ ಗಲ್ಲಾದಲ್ಲಿ ಕೂತು ಆಯುಷ್ಯ ಕಳೆದವರು. ನಾನು ವಿಜಾಪುರದವನು, ಫ್ರಿಜ್ ರಿಪೇರಿ ಮಾಡುವವನು. ಮುಂಬಯಿಯಲ್ಲಿ ನಮ್ಮ ಕಡೆಯ ಹೋಟೆಲಿನವರೆಲ್ಲ ಅಣ್ಣ, ನನ್ನಂಥ ಮುಸಲ್ಮಾನರೆಲ್ಲ ಭಾಯ್. ಎರಡಕ್ಕೂ ಅರ್ಥ ಒಂದೇ. ಹಾಗಾಗಿ ನಮ್ಮಿಬ್ಬರಲ್ಲಿ ತಮ್ಮ ಅಂತ ಯಾರೂ ಇರಲೇ ಇಲ್ಲ.

ಅವರ ಹೋಟೆಲಿನ ಫ್ರಿಜ್ ವರ್ಷಕ್ಕೆರಡು ಸಲ ಕೈಕೊಡುತ್ತಿತ್ತು. ಹಾಗೊಮ್ಮೆ ಹೋದಾಗ ಅಡುಗೆಮನೆಯ ಹಿಂದೆ ಅಣ್ಣ ಕುಕ್ಕರುಗಾಲಲ್ಲಿ ಕೂತು ಹಳೆಯ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದರು. ನೋಡಿದರೆ ತೆಂಗಿನೆಣ್ಣೆ. ಬ್ರೇಕು ಸರಿಯಿಲ್ಲ, ಮಡ್‌ಗಾರ್ಡು ತುಕ್ಕು ಹಿಡಿದಿದೆ, ಬೆಲ್ಲು ಮಾತ್ರ ಪಳಪಳ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ. ಮೆಕ್ಯಾನಿಕ್ ಆದ ನನಗೆ ಸುಮ್ಮನಿರಲು ಆಗಲಿಲ್ಲ.

‘ಅಣ್ಣಾರ, ಇದು ಚೈನ್ ಐತ್ರಿ. ನಿಮ್ಮ ಮನಿ ಹೆಣ್ಣಮಕ್ಕಳ ಜಡಿ ಅಲ್ಲ. ಧೂಳ ಹಿಡೀತದ.’

‘ನಮ್ಮ ಊರಲ್ಲಿ ಎಲ್ಲದಕ್ಕೂ ಇದೇ ಭಾಯ್. ಬಾಗಿಲಿಗೂ ಇದೇ, ಬೆನ್ನಿಗೂ ಇದೇ,’ ಎಂದರು. ಈ ಸೈಕಲ್ಲಿನಲ್ಲಿ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಘಟ್ಟಕ್ಕೆ ಅಂದರು. ಸೋಮವಾರ ಅವರಿಗೆ ರಜೆ. ಅವತ್ತು ಬೆಳಿಗ್ಗೆ ಸೈಕಲ್ಲನ್ನು ಲೋಕಲ್ಲಿನ ಲಗೇಜ್ ಡಬ್ಬಿಗೆ ಹಾಕಿ ಕಸಾರಾದವರೆಗೆ ಹೋಗಿ, ಅಲ್ಲಿಂದ ಹೈವೇ ಬಿಟ್ಟು ಖೋಡಾಲಾ ಕಡೆಯ ಗುಡ್ಡದ ರಸ್ತೆಗಳಲ್ಲಿ ಸಂಜೆಯವರೆಗೆ ತುಳಿಯುವುದು. ಅಲ್ಲಿ ಏನಿದೆ ಎಂದರೆ, ‘ಎಂತದೂ ಇಲ್ಲ. ಯಾರೂ ಕರೆಯುವುದಿಲ್ಲ, ಅಷ್ಟೇ,’ ಎಂದರು.

ಆ ಮಾತು ಅರ್ಥವಾಗಬೇಕಾದರೆ ಆ ಹೋಟೆಲಿನಲ್ಲಿ ಒಂದು ಮಧ್ಯಾಹ್ನ ಕೂರಬೇಕಿತ್ತು. ಅಣ್ಣಾ ಪಾನಿ, ಅಣ್ಣಾ ದೋ ಕಟಿಂಗ್ ಚಾಯ್, ಅಣ್ಣಾ ಸಾಂಬಾರ್ ಔರ್ ದೋ… ಬಾಗಿಲಿನಿಂದ, ಮೂಲೆಯಿಂದ, ಮಾಳಿಗೆಯಿಂದ ಎಲ್ಲ ಕಡೆಯಿಂದಲೂ ಅಣ್ಣಾ. ಒಬ್ಬ ಮನುಷ್ಯನನ್ನು ಅಷ್ಟು ಜನ ಅಷ್ಟು ವರ್ಷ ಕರೆದರೆ ಅವನಿಗೆ ಆರು ದಿನದ ನಂತರ ಒಂದು ದಿನವಾದರೂ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುವುದು ಸಹಜ. ನನಗೂ ಮನೆಯವರು ಊರಲ್ಲಿ, ನಾನಿಲ್ಲಿ. ಸೋಮವಾರ ಬೇರೆ ಗತಿಯಿರಲಿಲ್ಲ. ಮುಂದಿನ ವಾರ ನಾನೂ ಒಂದು ಸೆಕೆಂಡ್ ಹ್ಯಾಂಡ್ ಸೈಕಲ್ ಹಿಡಿದು ಲಗೇಜ್ ಡಬ್ಬಿಯ ಮುಂದೆ ನಿಂತೆ.

ನಮ್ಮ ವಿಜಾಪುರದಲ್ಲಿ ನೆಲ ಅಂದರೆ ಹಾಸಿದ ಜಮಖಾನೆ. ಸೈಕಲ್ ತುಳಿದರೆ ತಾನಾಗಿ ಹೋಗುತ್ತದೆ. ಈ ರಸ್ತೆಗಳು ಹಾಗಲ್ಲ. ಏರಿದಷ್ಟೂ ಏರು, ಇನ್ನೇನು ಇಳಿಜಾರು ಎನ್ನುವಾಗ ಮತ್ತೆ ಏರು. ಆದರೆ ಜನವಿಲ್ಲ. ಇಳಿಜಾರಿನಲ್ಲಿ ನಾಚಣಿ ಹೊಲಗಳು, ಅದೇ ನಮ್ಮ ರಾಗಿ. ದೂರದಲ್ಲಿ ಎರಡು ಹುಲ್ಲಿನ ಮಾಡು, ಯಾವಾಗಲೋ ಒಮ್ಮೆ ತುಂಬಿ ಚೆಲ್ಲುವಷ್ಟು ಮಂದಿ ಹೊತ್ತ ಜೀಪು. ಅದು ಹೋದ ಮೇಲೆ ನಮ್ಮ ಎರಡು ಚೈನುಗಳ ಸದ್ದು. ಅವರದು ಕಿರ್ ಕಿರ್ ಅನ್ನುತ್ತಿತ್ತು, ಹೇಳಿದ್ದೆನಲ್ಲ, ತೆಂಗಿನೆಣ್ಣೆ. ಅಣ್ಣ ಮುಂದೆ, ನಾನು ಹಿಂದೆ. ಮಾತಿಲ್ಲ. ನಾನು ಮೊದಮೊದಲು ಏನಾದರೂ ಕೇಳುತ್ತಿದ್ದೆ. ಅವರು ‘ಹ್ಞೂಂ’ ಎಂದು ಮುಂದೆ ಹೋಗುತ್ತಿದ್ದರು. ಆಮೇಲೆ ನನಗೂ ಅದೇ ರೂಢಿಯಾಯಿತು.

ಒಂದು ಊರಿನ ತುದಿಯಲ್ಲಿ ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಚಹಾದವಳಿದ್ದಳು. ಆ ದಾರಿಗೆ ಇಬ್ಬರೂ ಮೊದಲ ಸಲ ಹೋದಾಗ ರಸ್ತೆಯ ಕಡೆ ಕೈತೋರಿಸಿ ‘ಪುಢೇ ಖಿಂಡ್ ಆಹೇ’, ಮುಂದೆ ಖಿಂಡ್ ಇದೆ, ಎಂದಳು. ಮರಾಠಿಯಲ್ಲಿ ಖಿಂಡ್ ಅಂದರೆ ಎರಡು ಗುಡ್ಡಗಳ ನಡುವೆ ದಾಟಿ ಹೋಗುವ ಸಂದು. ಅಣ್ಣನ ಕಿವಿಗೆ ಅದು ಕಿಂಡಿ ಎಂದು ಬಿತ್ತು. ಉಡುಪಿಯವರಿಗೆ ಕಿಂಡಿ ಎಂದರೆ ಕೇಳಬೇಕೇ, ದೇವರೇ ತಿರುಗಿ ಕಾಣಿಸಿಕೊಂಡ ಜಾಗ. ಏರಿನುದ್ದಕ್ಕೂ ಅವರು ತುಳಿಯುವುದಕ್ಕಿಂತ ಹೆಚ್ಚಾಗಿ ಬಂಡೆಗಳನ್ನು ನೋಡುತ್ತಿದ್ದರು. ಏನು ಹುಡುಕುತ್ತೀರಿ ಎಂದೆ.

‘ಇಲ್ಲೆಲ್ಲೋ ಕಿಂಡಿ ಉಂಟಂತೆ ಭಾಯ್. ಕಲ್ಲಲ್ಲಿ ತೂತು ಇರಬೇಕು.’

ನಾನು ಸೈಕಲ್ ನಿಲ್ಲಿಸಿ ನಕ್ಕ ನಗುವಿಗೆ ಹೊಟ್ಟೆ ಹಿಡಿದುಕೊಂಡಿತು. ಗಡಿಯವರಾದ ನಮಗೆ ಮರಾಠಿ ಹಾಲಿನೊಂದಿಗೇ ಬಂದದ್ದು. ತೂತಲ್ಲ, ದಾರಿ ಎಂದು ಬಿಡಿಸಿ ಹೇಳಿದೆ. ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು. ಮೇಲೆ ಹೋದೆವು. ರಸ್ತೆ ಎರಡು ಬಂಡೆಗಳ ನಡುವೆ ನುಸುಳಿತು. ಆಚೆ ಒಮ್ಮೆಲೇ ಇಡೀ ಕಣಿವೆ, ಬಿಸಿಲು, ಒಂದಾದ ಮೇಲೊಂದು ನೀಲಿ ಗುಡ್ಡ. ಅಣ್ಣ ಬಹಳ ಹೊತ್ತು ನಿಂತರು. ‘ನೀವು ಎಂತ ಬೇಕಾದರೂ ಹೇಳಿ, ಇದು ಕಿಂಡಿಯೇ,’ ಎಂದರು. ಅಲ್ಲಿಂದ ಮುಂದೆ ನಮ್ಮಿಬ್ಬರ ಬಾಯಲ್ಲಿ ಎಲ್ಲ ಖಿಂಡುಗಳೂ ಕಿಂಡಿಗಳೇ ಆದವು.

ಹೀಗೆ ಎಷ್ಟೋ ಸೋಮವಾರಗಳು… ಒಂದರಿಂದ ಒಂದನ್ನು ಈಗ ಬೇರೆ ಮಾಡಲು ಬರುವುದಿಲ್ಲ.

ಆಮೇಲೆ ಬಿಲ್ಡಿಂಗು ಕೆಡವಿ ಹೊಸದು ಕಟ್ಟುತ್ತಾರೆಂದು ಹೋಟೆಲ್ ಮುಚ್ಚಿತು. ಮಾಲೀಕರು ಊರಿಗೆ ಹೋದರು, ಹುಡುಗರು ಬೇರೆ ಹೋಟೆಲ್ ಸೇರಿದರು. ಅಣ್ಣ ಮದುವೆಯಾದವರಲ್ಲ. ವಡಾಲದಲ್ಲಿ ಒಂದು ಖೋಲಿ ಹಿಡಿದು ಒಬ್ಬರೇ ಉಳಿದರು. ನಾನು ಒಳಗೊಳಗೇ ಖುಷಿಪಟ್ಟೆ. ಇನ್ನು ಸೋಮವಾರಕ್ಕೆ ಕಾಯಬೇಕಿಲ್ಲ, ಬೇಕೆಂದಾಗ ಘಟ್ಟಕ್ಕೆ ಹೋಗಬಹುದು ಎಂದುಕೊಂಡೆ. ಆದರೆ ಅವರು ಬರಲಿಲ್ಲ. ಈ ವಾರ ಮೈಗೆ ಸರಿಯಿಲ್ಲ ಅಂದರು, ಮುಂದಿನ ವಾರ ಬಿಸಿಲು ಅಂದರು. ಒಂದು ದಿನ ಖೋಲಿಗೇ ಹೋದೆ. ಗೋಡೆಗೆ ಒರಗಿ ಕೂತಿದ್ದರು. ಸೈಕಲ್ ಬಾಗಿಲ ಹಿಂದೆ, ಬೆಲ್ಲಿನ ಮೇಲೆ ಧೂಳು.

‘ಅಲ್ಲಿಗೆ ಯಾಕೆ ಹೋಗುವುದು ಭಾಯ್? ಯಾರೂ ಕರೆಯದ ಜಾಗ ಬೇಕಿತ್ತು. ಈಗ ಇಲ್ಲಿಯೇ ಉಂಟಲ್ಲ, ಏಳು ದಿನವೂ.’

ನನಗೆ ಹೆದರಿಕೆಯಾಯಿತು. ಮಾತು ಕಡಿಮೆ ಇದ್ದ ಮನುಷ್ಯ ಬೇರೆ, ಮಾತು ನಿಂತುಹೋದ ಮನುಷ್ಯ ಬೇರೆ. ಇವರು ಹೀಗೇ ಗೋಡೆಗೆ ಒರಗಿ ಒರಗಿ ಮುಗಿದುಹೋಗುತ್ತಾರೆ ಅನ್ನಿಸಿತು. ಮುಂದಿನ ಸೋಮವಾರ ಬೆಳಿಗ್ಗೆ ಕೇಳದೆಯೇ ಅವರ ಸೈಕಲ್ಲನ್ನು ನಾನೇ ಹೊರಗೆ ತೆಗೆದೆ. ಸೈಕಲ್ ಹೋಗುತ್ತಿದೆಯಲ್ಲ ಎಂದು ಅವರೂ ಚಪ್ಪಲಿ ಮೆಟ್ಟಿ ಬಂದರು.

ಅವತ್ತು ನಾನು ಮುಂದೆ, ಅವರು ಹಿಂದೆ. ಮಾವಶಿಯ ಚಹಾ ಕುಡಿದು ಏರು ಶುರುವಾಗುತ್ತಿದ್ದಂತೆ ಅಣ್ಣ ಸೈಕಲ್ ಮರಕ್ಕೆ ಒರಗಿಸಿ ಕೂತುಬಿಟ್ಟರು. ‘ನೀವು ಹೋಗಿ ಬನ್ನಿ. ನನ್ನಿಂದ ಆಗ್ಲಿಕ್ಕಿಲ್ಲ.’ ಎಷ್ಟು ಹೇಳಿದರೂ ಏಳಲಿಲ್ಲ. ಸಿಟ್ಟು ಬಂದು ನಾನು ಒಬ್ಬನೇ ಹೋದೆ. ಕಿಂಡಿ ತಲುಪಿ ನಿಂತೆ. ಕಣಿವೆ ಅದೇ, ಬಿಸಿಲು ಅದೇ. ಆದರೆ ಹಿಂದೆ ಆ ಕಿರ್ ಕಿರ್ ಇಲ್ಲದೆ ಅಲ್ಲಿನ ಮೌನ ನನ್ನನ್ನು ತಿನ್ನಲು ಬಂದಂತಾಯಿತು. ತಡೆಯಲಾರದೆ ಕೆಳಕ್ಕೆ ಕೂಗಿದೆ, ಹೋಟೆಲಿನಲ್ಲಿ ಕೂಗುವ ಹಾಗೆಯೇ, ಉದ್ದಕ್ಕೆ: ‘ಅಣ್ಣಾ…’

ಕೆಳಗಿನಿಂದ ಒಂದು ಕ್ಷಣವೂ ತಡವಿಲ್ಲದೆ ಬಂತು: ‘ಹ್ಞಾ, ಬಂದೆ.’

ಬಂದೇ ಬಂದರು. ಸೈಕಲ್ ತಳ್ಳಿಕೊಂಡು, ಏದುಸಿರು ಬಿಡುತ್ತ, ತಿರುವಿನಲ್ಲಿ ಕಾಣಿಸಿಕೊಂಡರು. ಮುಖದಲ್ಲಿ ಅವರಿಗೇ ನಾಚಿಕೆ. ‘ಕರೆದರೆ ಕೂತುಕೊಳ್ಳಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಕಾಲು ತಾನೇ ಏಳ್ತದೆ,’ ಎಂದರು. ಆಮೇಲೆ ಬಂಡೆಗೆ ಒರಗಿ ಸ್ವಲ್ಪ ಅತ್ತರು. ನಾನು ನೀರಿನ ಬಾಟಲಿ ಕೊಟ್ಟೆ.

ಅಂದಿನಿಂದ ನಾನು ಪ್ರತಿ ಸೋಮವಾರ ಬೆಳಿಗ್ಗೆ ಅವರ ಖೋಲಿಯ ಕೆಳಗೆ ನಿಂತು ಕೂಗುತ್ತಿದ್ದೆ. ಫೋನ್ ಇರಲಿಲ್ಲವೆಂದಲ್ಲ. ಒಂದು ಮಳೆಗಾಲ, ಒಂದು ಚಳಿಗಾಲ ಹಾಗೆ ನಡೆಯಿತು. ಬೇಸಿಗೆಯ ಒಂದು ಸೋಮವಾರ ಕೂಗಿದೆ, ಉತ್ತರ ಬರಲಿಲ್ಲ. ಮತ್ತೊಮ್ಮೆ ಕೂಗಿದೆ. ಆಗಲೇ ಗೊತ್ತಾಯಿತು. ಮೆಟ್ಟಿಲು ಹತ್ತುವಾಗ ನನಗೆ ಅವಸರವೇ ಇರಲಿಲ್ಲ… ನಿದ್ದೆಯಲ್ಲೇ ಹೋಗಿದ್ದರು. ಊರಿನಿಂದ ಅವರ ತಮ್ಮನ ಮಗ ಬಂದು ಕೆಲಸ ಮುಗಿಸಿದ. ಆ ಹುಡುಗನಿಗೆ ಕನ್ನಡ ಬಂದರೂ ನನ್ನ ಹತ್ತಿರ ಹಿಂದಿಯಲ್ಲೇ ಮಾತಾಡಿ ಥ್ಯಾಂಕ್ಯೂ ಅಂಕಲ್ ಎಂದು ಹೇಳಿ ಹೋದ. ನಾನು ಆಮೇಲೆ ವರ್ಷಗಟ್ಟಲೆ ಘಟ್ಟದ ಕಡೆ ತಲೆಹಾಕಲಿಲ್ಲ.

ಆದರೆ ಲೋಕಲ್ಲಿನ ಆ ಎಣ್ಣೆ ತಲೆ ನನ್ನನ್ನು ಬಿಡಲಿಲ್ಲ. ಈ ಸೋಮವಾರ ನನ್ನ ಸೈಕಲ್ಲನ್ನು ಲಗೇಜ್ ಡಬ್ಬಿಗೆ ಹಾಕಿದೆ. ಮಾವಶಿ ದೂರದಿಂದಲೇ ಗುರುತು ಹಿಡಿದಳು. ಅವಳ ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನ ಹಿಂದಿನ ರಸ್ತೆ ನೋಡಿ ‘ಅಣ್ಣಾ ಕುಠೇ?’, ಅಣ್ಣ ಎಲ್ಲಿ, ಎಂದಳು.

‘ಗೇಲೇ,’ ಎಂದೆ. ಹೋದರು.

ಮರಾಠಿಯಲ್ಲೂ ನಮ್ಮ ಹಾಗೆಯೇ. ಊರಿಗೆ ಹೋದವರೂ ಹೋದರು, ತೀರಿಕೊಂಡವರೂ ಹೋದರು. ಅವಳು ಒಲೆಗೆ ಕಟ್ಟಿಗೆ ನೂಕುತ್ತ ‘ಗಾವಾಲಾ?’ ಎಂದು ಕೇಳಿದಳು. ಊರಿಗೇ ಎಂದು. ತಿದ್ದಬೇಕಿತ್ತು. ನನ್ನ ಬಾಯಿಂದ ಹೌದು ಎಂದೇ ಬಂತು. ಅವಳ ಮುಖ ಅರಳಿತು. ಒಳ್ಳೆಯದಾಯಿತು, ಒಂಟಿ ಜೀವಕ್ಕೆ ಆ ಮುಂಬಯಿಯಲ್ಲಿ ಏನಿದೆ, ಅಲ್ಲಿಯಾದರೆ ಕರೆಯುವವರು ಯಾರಾದರೂ ಇರುತ್ತಾರೆ ಎಂದಳು.

ಇರುತ್ತಾರೆ ಎಂದೆ. ಚಹಾ ಮುಗಿಸಿ ಏರಿನ ಕಡೆ ಹೊರಟೆ. ನನ್ನನ್ನು ಹಿಂದಿನಿಂದ ಕೂಗಿ ಕರೆಯಲು ಅವಳಿಗೆ ನನ್ನ ಹೆಸರೇ ಗೊತ್ತಿರಲಿಲ್ಲ.