ಗಂಜಿ ತೊಳೆದ ಕಂಬಳಿ

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮಗ್ಗದ ಗುಂಡಿಗೆ ಇಳಿದವನು ನಾನು. ಪಟ್ಟನಾಯಕನಹಳ್ಳಿ ಸುತ್ತಿನ ಕುರಿಗಾಹಿಗಳು ಮಳೆಗಾಲಕ್ಕೆ ಮೊದಲು ನನ್ನ ಬಾಗಿಲಿಗೇ ಬರುತ್ತಿದ್ದರು. ನನ್ನ ಕಂಬಳಿ ಹೊದ್ದವನ ಹೆಗಲು ನೆನೆಯುವುದಿಲ್ಲ ಎಂಬ ಮಾತಿತ್ತು. ಆ ಮಾತು ಬಿಟ್ಟರೆ ನನಗೆ ಬೇರೆ ಆಸ್ತಿ ಇರಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ, ವಿನ್ಯಾಸ ಕಲಿಯುತ್ತಿದ್ದ ವಿದ್ಯಾರ್ಥಿಯೊಬ್ಬ ನಮ್ಮೂರಿಗೆ ಬಂದ. ಮೂರು ತಿಂಗಳ ಇಂಟರ್ನ್‌ಶಿಪ್ಪಂತೆ. ಹಳ್ಳಿಯವರನ್ನು ಒಗ್ಗೂಡಿಸಿ, ಸಮುದಾಯದ ಕೆಲಸ ಮಾಡಿಸಿ, ಅದನ್ನು ಬರೆದು ಕಾಲೇಜಿಗೆ ಒಪ್ಪಿಸಬೇಕಂತೆ.

ಒಗ್ಗೂಡಿಸುವುದಂತೆ! ಕಂಬಳಿಯ ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ ಹುಣಸೆಬೀಜದ ಗಂಜಿ ಬಳಿಯಲು ಎಂಟು ಜನ ಬೇಕು. ಕರೆಯದೆ ಬರುತ್ತಿದ್ದರು. ಈ ಮಹರಾಯ ಆ ಹಾಸನ್ನು ದಾಟಿಕೊಂಡೇ ಹೋಗಿ, ಗೋಡೆಗೆ ಬಣ್ಣದ ಹಾಳೆ ಅಂಟಿಸಿ, ನಮಗೇ ಒಗ್ಗಟ್ಟಿನ ಪಾಠ ಹೇಳುತ್ತಿದ್ದ. ಹಿರಿಯರೂ ತಲೆಯಾಡಿಸುತ್ತ ಕೂರುತ್ತಿದ್ದರು. ಪ್ಯಾಂಟಿನವನು ಆಕಳಿಸಿದರೂ ಅವರಿಗದು ಜ್ಞಾನ.

ಕಡೆಗೆ ಸಿರಾದಲ್ಲಿ ಕಂಬಳಿ ಪ್ರದರ್ಶನ ಮಾಡುವುದೆಂದಾಯಿತು. ನಾನು ಉಣ್ಣೆ ತರಲು ಮಧುಗಿರಿಗೆ ಹೋಗಿದ್ದೆ. ಬರುವಷ್ಟರಲ್ಲಿ, ಕುರಿಗಾಹಿಯೊಬ್ಬನಿಗೆಂದು ನೇಯ್ದು ಮಡಿಸಿಟ್ಟಿದ್ದ ಕಂಬಳಿಯನ್ನು ವಿದ್ಯಾರ್ಥಿ ಪ್ರದರ್ಶನಕ್ಕೆಂದು ಒಯ್ದು, ಸೋಪಿನ ನೀರಲ್ಲಿ ತುಳಿಸಿ ಒಗೆಸಿದ್ದ.

"ಒರಟಾಗಿತ್ತು. ಈಗ ಮುಟ್ಟಿ ನೋಡಿ," ಎಂದು ಕೆನ್ನೆಗೆ ಒತ್ತಿಕೊಂಡು ತೋರಿಸಿದ.

ಗಂಜಿಯೆಲ್ಲ ಹೋಗಿತ್ತು. ಮಳೆ ತಡೆಯುವುದೇ ಆ ಗಂಜಿ. ಮಾರನೆಯ ದಿನ ಕುರಿಗಾಹಿ ಬಂದು, ಎಂದಿನಂತೆ ಕಂಬಳಿಯ ಮೇಲೆ ಒಂದು ಚೊಂಬು ನೀರು ಸುರಿದ. ನೀರು ತೊಟತೊಟನೆ ಕೆಳಗಿಳಿಯಿತು.

"ಏನ್ಲಾ ಇದು, ಕಂಬಳೀನೋ ಜರಡೀನೋ?"

ವಿದ್ಯಾರ್ಥಿ ಬಾಯಿ ಹಾಕಿದ. "ಇದು ಪಟ್ಟಣದವರಿಗಾಗಿ ಮಾಡಿದ ಪ್ರಯೋಗ."

"ಪಟ್ಣದೋರು ಮಳೇಲಿ ಕುರಿ ಕಾಯ್ತಾರೇನಪ್ಪಾ?" ಎಂದು ಕೇಳಿ, ಕುರಿಗಾಹಿ ನನ್ನತ್ತ ತಿರುಗಿದ. "ಸ್ವಾಮಾರ ಕುರಿ ಹೊಡ್ಕಂಡು ಪಾವಗಡದ ಕಡೀಕ್ ಒಂಟಿವ್ನಿ. ನಿನ್ ಕೈಲಾಗ್ದಿದ್ರೆ ಯೋಳ್ಬುಡು, ಮದಲೂರಾಗೆ ಇನ್ನೊಬ್ಬ ನೇಯೋನವ್ನೆ."

ಅಪ್ಪನ ಕಾಲದಿಂದ ಆ ಮಾತನ್ನು ನಮ್ಮ ಹೊಸ್ತಿಲಲ್ಲಿ ನಿಂತು ಯಾರೂ ಆಡಿರಲಿಲ್ಲ. ಸೋಮವಾರಕ್ಕೆ ಉಳಿದಿದ್ದದ್ದು ಐದು ದಿನ.

ಬೆಳಗಾಗುವ ಮುನ್ನ ಹೊಸ ಹಾಸು ಕಟ್ಟಿದೆ. ಗಂಜಿಯ ವಾಸನೆ ಹಿಡಿದು ಅಕ್ಕಪಕ್ಕದವರು ಬಂದು ಕುಂಚ ತೆಗೆದುಕೊಂಡರು. ವಿದ್ಯಾರ್ಥಿಯೂ ನೋಟ್‌ಬುಕ್ ಹಿಡಿದು ಬಂದ.

"ಇದನ್ನ ಆರ್ಗನೈಸ್ ಮಾಡಿದ್ದು ಯಾರು?"

ಪಕ್ಕದ ಮನೆಯ ಅಜ್ಜಿ ತಲೆಯೆತ್ತದೆ ಅಂದಳು: "ಅತ್ಲಾಗ್ ಸರ್ಕಳಪ್ಪಾ, ನಿನ್ ನೆಳ್ಳಿಗೆ ಗಂಜಿ ಒಣಗಾಕಿಲ್ಲ."

ಅದನ್ನೂ ಬರೆದುಕೊಂಡ, ಪುಣ್ಯಾತ್ಮ.

ಸೋಮವಾರ ಕುರಿಗಾಹಿ ಬಂದಾಗ ನೇಯ್ದು ಮುಗಿಸಿದ ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಂತಿತ್ತು. ಚೊಂಬು ಸುರಿದ. ನೀರು ಉರುಳಿ ನೆಲಕ್ಕೆ ಜಾರಿತು. ಕಂಬಳಿಯ ಕೆಳಗೆ ಕೈಯಿಟ್ಟು ನೋಡಿದ. ಅಂಗೈ ಒಣಗಿಯೇ ಇತ್ತು. ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಮೆಟ್ಟಿಲಿಳಿದವನು ತಿರುಗಿ ನಿಂತ.

"ಬರೋ ವರ್ಸಕ್ಕೆ ನನ್ ತಮ್ಮಂಗೂ ಒಂದು ನೇಯ್ದಿಕ್ಕು. ಆ ಪ್ಯಾಂಟಿನಯ್ಯನ ಕೈಗೆ ಮಾತ್ರ ಕೊಡ್ಬ್ಯಾಡ ಕಣ್ಲಾ."