ನೀರು ಹೆಚ್ಚಿದೆ

ಅಣುಸ್ಥಾವರದ ತ್ಯಾಜ್ಯವನ್ನು ಸಾವಿರಾರು ವರ್ಷ ನೆಲದಾಳದಲ್ಲಿ ಹೂತಿಡಬೇಕೆಂದರೆ ನೀರಾಡದ ಬಂಡೆ ಬೇಕು. ಅಂಥ ಜಾಗ ಎಲ್ಲಿರಬಹುದೆಂದು ಒಂದು ಸಂಸ್ಥೆ ಅಂತರ್ಜಲದ ಹಳೆಯ ದಾಖಲೆಗಳನ್ನು ಜಾಲಾಡುತ್ತಿತ್ತು. ಆ ದಾಖಲೆಗಳನ್ನು ಎಷ್ಟು ನಂಬಬಹುದೆಂದು ಹೇಳುವುದು ಅನಂತಪುರದ ತ್ರಿಶಲಾಳ ಕೆಲಸ. ಅವಳ ಊರಿಗೆ ಹತ್ತಿರದ ಚಿಕ್ಕೋಡಿಯ ಕಚೇರಿಯಲ್ಲಿ ಜೊತೆಯವರು ಅವಳನ್ನು ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಚೇಷ್ಟೆ ಮಾಡುತ್ತಿದ್ದರು. ಭೂವಿಜ್ಞಾನ ಓದಿದವಳು ಕಲ್ಲು ಹುಡುಕದೆ ಇನ್ನೇನು ಹುಡುಕಬೇಕು?

ಕಳೆದ ಬೇಸಿಗೆಯಲ್ಲಿ ಅವಳ ಮೇಜಿನ ಮೇಲೆ ಅವಳ ಊರೇ ಬಂದು ಕೂತಿತು. ಅನಂತಪುರದ ಸುತ್ತಲಿನ ಹನ್ನೊಂದು ಬಾವಿಗಳಲ್ಲಿ ಹಿಂದಿನ ಕೆಲವು ವರ್ಷ ಕಡುಬೇಸಿಗೆಯಲ್ಲೂ ನೀರಿನ ಮಟ್ಟ ಏರಿತ್ತು ಎಂದು ಕಂಪ್ಯೂಟರಿನ ಪಟ್ಟಿ ಹೇಳುತ್ತಿತ್ತು. ಇದು ನಿಜವಾದರೆ ಆ ನೆಲದೊಳಗೆ ನೀರು ಓಡಾಡುತ್ತಿದೆ ಎಂದರ್ಥ. ಸಂಸ್ಥೆ ಆ ಕಡೆ ತಲೆಹಾಕುವುದಿಲ್ಲ, ಊರು ಪಾರಾಗುತ್ತದೆ. ಆದರೆ ಅದೇ ವರ್ಷಗಳಲ್ಲಿ ತ್ರಿಶಲಾ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವಳು. ಬಾವಿ ತುಂಬಿದ್ದರೆ ಅವಳಿಗೇನು ಹುಚ್ಚೇ?

ಮೂಲ ವಹಿ ತರಿಸಿ ನೋಡಿದಳು. ಅಕ್ಷರ ಅಪ್ಪ ತವನಪ್ಪನದು. ಇಪ್ಪತ್ತೆಂಟು ವರ್ಷ ಅಂತರ್ಜಲ ಇಲಾಖೆಗಾಗಿ ತಿಂಗಳಿಗೊಮ್ಮೆ ಟೇಪು ಇಳಿಬಿಟ್ಟು ಆ ಬಾವಿಗಳನ್ನು ಅಳೆದವನು ಅವನೇ. ಆ ಬೇಸಿಗೆಗಳ ಸಾಲುಗಳಲ್ಲಿ ಅಳತೆ ಇರಲಿಲ್ಲ, ‘ನೀರು ಹೆಚ್ಚಿದೆ’ ಎಂಬ ಎರಡೇ ಮಾತು. ತ್ರಿಶಲಾಳಿಗೆ ನಗು ಬಂತು. ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನಬಾರದು, ಅದು ಅಪಶಕುನ; ಹೆಚ್ಚಿದೆ ಎನ್ನಬೇಕು. ಬಳೆ ಒಡೆದರೂ ಹೆಚ್ಚಿತು ಎನ್ನಬೇಕು. ಅಪ್ಪ ಬತ್ತಿದ ಬಾವಿಗೂ ಅದೇ ಮರ್ಯಾದೆ ಕೊಟ್ಟಿದ್ದ. ಪಟ್ಟಿ ಟೈಪು ಮಾಡಿದವರು ಅಕ್ಷರ ಓದಿದರೇ ಹೊರತು ಅಪ್ಪನನ್ನು ಓದಲಿಲ್ಲ.

ಮರುದಿನವೇ ವಹಿಯ ನಕಲು ಹಿಡಿದು ಊರಿಗೆ ಹೋದಳು. ಕಟ್ಟೆಯ ಮೇಲೆ ಅಪ್ಪನ ಜೊತೆ ನೆರೆಹೊಲದ ಅಣ್ಣಾಸಾಬನೂ ಕೂತಿದ್ದ. ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು: ಅಳೆದವರೇ ಬರೆದುಕೊಟ್ಟರೆ ತಪ್ಪು ತಿದ್ದಬಹುದು, ತಿದ್ದಿದರೆ ಊರು ಮತ್ತೆ ಪರಿಶೀಲನೆಗೆ ಬರುತ್ತದೆ.

“ಸುಮ್ಮ ಕುಂದ್ರ ತಂಗಿ,” ಎಂದ ಅಣ್ಣಾಸಾಬ. “ತಪ್ಪಾದ್ರೂ ನಮ್ಮನ್ನ ಕಾಯಾಕತ್ತೈತಿ.”

“ಇಂಥಾದ ಒಂದ ತಪ್ಪು ಇನ್ನೊಂದ ಊರಾಗ ತಿರುಗಾಮುರುಗಾ ಆಗಿದ್ರ, ಕಾಕಾ? ನೀರ ಇದ್ದಲ್ಲೇ ಹೂಳತಾರ. ನಮ್ಮೂರ ಬ್ಯಾಡ ಅನ್ನಾಕ ನನಗ ಬಾಯಿ ಐತಿ. ಊರ ಮಂದೀನ ಕೇಳಾಕ ಸಭಾ ಕರದಾಗ ಎಲ್ಲಾರಕಿಂತ ಮುಂದ ನಿಂತ ಅಂತೀನಿ. ಸುಳ್ಳ ಹಿಡಕೊಂಡ ಅನ್ನೂದಿಲ್ಲ.”

ತವನಪ್ಪನ ಮುಖ ಕೆಂಪಾಯಿತು. “ನಾ ಎಂದೂ ಸುಳ್ಳ ಬರದಿಲ್ಲ.”

“ಹೌದ್ರಿ ಅಪ್ಪಾ, ಸುಳ್ಳ ಬರದಿಲ್ಲ. ಆದ್ರ ಓದಿದವರಿಗೆ ಖರೇನೂ ಸಿಗಲಿಲ್ಲ.”

ಮುದುಕನಿಗೆ ಈ ಮಾತು ಚುಚ್ಚಿತು. ಅವಳಿಗೂ ಹೇಳಿ ಸುಖವಾಗಲಿಲ್ಲ, ಆದರೂ ಪೆನ್ನು ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

“ಮಂದಿ ಬಾವಿಗೆ ಬತ್ತಿತು ಅಂತ ಹೆಂಗ ಬರೀಲಿ?” ಎಂದ ತವನಪ್ಪ. “ಅಂಥಾ ಕೆಟ್ಟ ಮಾತ ಹತ್ತತೈತಿ.” ಎಂದರೂ ಪೆನ್ನು ಇಸಿದುಕೊಂಡ. ಒಂದೊಂದು ಬಾವಿಯ ಮುಂದೆ ‘ಬತ್ತಿತ್ತು’ ಎಂದು ನಿಧಾನವಾಗಿ ಬರೆಯುತ್ತ ಬಂದ. ಒಂಬತ್ತನೆಯದಕ್ಕೆ ಕೈ ನಿಂತಿತು. ಅದು ಅಣ್ಣಾಸಾಬನ ಬಾವಿ. ಬಾವಿಯ ಧಣಿ ಎದುರಿಗೇ ಕೂತಿದ್ದ.

ಅಣ್ಣಾಸಾಬ ಬಾಗಿ ಆ ಖಾಲಿ ಜಾಗದ ಮೇಲೆ ಬೆರಳಿಟ್ಟ.

“ಆ ವರ್ಷ ನೀರಿಲ್ಲದ ನಾ ಎರಡೂ ಎಮ್ಮಿ ಮಾರಿದ್ನೋ ತವನಪ್ಪಾ,” ಎಂದ. “ಹೆಚ್ಚೈತಿ ಅಂತ ನೀ ಬರದದ್ದಕ್ಕ ಅವೇನ ತಿರಗಿ ಬರಲಿಲ್ಲ. ಬರಿ.”

ತವನಪ್ಪ ಬರೆದ. ಅಣ್ಣಾಸಾಬ ತ್ರಿಶಲಾಳ ಕಡೆ ತಿರುಗಿ, “ಸಭಾ ಯಾವತ್ತ ಅಂತ ಹೇಳ ತಂಗಿ,” ಎಂದ. “ನಿನ್ನ ಬಾಜೂಕ ನಾನೂ ನಿಂದರತೀನಿ.”